ಬರಹಗಾರರ ಚೀಟಿ: ನಮ್ಮಲ್ಲಿ ವರ್ಕ್ ಆಗಿದ್ದು ಹೀಗೆ

ಬರಿಯೋರು ಸೇರಿ ತಿಂಗಳಿಗಿಷ್ಟು ಅಂತ ದುಡ್ಡು ಕೂಡಿಸಿ, ಒಬ್ಬೊಬ್ರದಾಗಿ ಪುಸ್ತಕ ತರೋಕೆ ಚೀಟಿ ಹಾಕಿದ್ರೆ ಜಗಳ ಆಗುತ್ತೆ, ಪುಸ್ತಕ ಆಗಲ್ಲ ಅಂದೋರು ಬೇಕಾದಷ್ಟು ಜನ. ಈಗ ನಮ್ಮ ಗುಂಪಿಂದ ನಾಲ್ಕು ಪುಸ್ತಕ ಬಂದಿವೆ, ಐದನೇದು ಡಿಟಿಪಿಲಿ, ಅಂದ್ರೆ ಕಂಪ್ಯೂಟರಲ್ಲಿ ಪುಟ ಜೋಡಿಸೋ ಹಂತದಲ್ಲಿದೆ, ಅದಕ್ಕೇ ಧೈರ್ಯವಾಗಿ ಬರೀತಿದೀನಿ.

ಮೊದಲು ಬರೀ ವಾಟ್ಸಾಪ್ ಗ್ರೂಪ್ ಇತ್ತು. ಹನ್ನೆರಡು ಪುಟದ ಕತೆ ಹಾಕಿದ ಎರಡು ನಿಮಿಷಕ್ಕೆ 'ಸೂಪರ್ ಸರ್', 'ಅದ್ಭುತ ಮೇಡಂ', ಅಷ್ಟರಲ್ಲಿ ಯಾರು ಓದಿರ್ತಾರೆ ಹೇಳಿ. ಅದು ಬೇಡ, ಭಾನುವಾರ ಕೂತು ಖಡಕ್ಕಾಗಿ ವಿಮರ್ಶೆ ಮಾಡೋಣ ಅಂತ ಹೊರಟ್ವಿ, ಅದು ಇನ್ನೂ ಕೆಟ್ಟೋಯ್ತು, ಇಬ್ರು ಬರೋದೇ ಬಿಟ್ರು, ಅದರಲ್ಲಿ ಒಬ್ಬ ಹುಡುಗ ಬರೆಯೋದನ್ನೇ ಬಿಟ್ಟ. ಒಳ್ಳೇ ಕೈ ಅವನದು, ಇವತ್ತಿಗೂ ಸಂಕಟ ಆಗುತ್ತೆ.

ಸರಿಹೋಗಿದ್ದು ಬರೆದೋರು ಓದಬಾರದು, ಪಕ್ಕದಲ್ಲಿರೋರು ಗಟ್ಟಿಯಾಗಿ ಓದ್ಬೇಕು ಅಂತ ಮಾಡಿದ ಮೇಲೆ. ಬರೆದೋರು ಪೆನ್ಸಿಲ್ ಹಿಡ್ಕೊಂಡು, ಓದೋರು ತಡವರಿಸಿದ ಕಡೆ ತಮ್ಮ ಪ್ರತಿಲಿ ಗೆರೆ ಹಾಕ್ಕೋಬೇಕು, ಮಧ್ಯ ಬಾಯಿ ಬಿಡಂಗಿಲ್ಲ. ನಮ್ಮಲ್ಲಿ ನರ್ಸ್ ಅಕ್ಕ ಒಬ್ರು ನೈಟ್ ಡ್ಯೂಟಿ ಬಗ್ಗೆ ಕತೆ ತಂದಿದ್ರು. ಮೊದಲ ಪುಟ ಓದೋವಾಗ, ಪಕ್ಕದಲ್ಲಿ ಕೂತು ಓದ್ತಿದ್ದ ನಮ್ಮ ಗುಂಪಿನ ಮೇಷ್ಟ್ರಿಗೆ ಮೂರು ಕಡೆ ಉಸಿರು ಕಟ್ತು, ಎರಡನೇ ಪುಟದಲ್ಲಿ ಕತೆಯ ಅಜ್ಜಿ 'ಗಂಜಿಗೆ ಉಪ್ಪು ಹಾಕವ್ವ' ಅಂತಿದ್ದಂಗೆ ಎಲ್ರೂ ತಲೆ ಎತ್ತಿದ್ವಿ. ಯಾರೂ ಏನೂ ಹೇಳ್ಲಿಲ್ಲ, ಅಕ್ಕನೇ ಆ ಮೊದಲ ಪುಟ ಹೊಡೆದುಹಾಕಿದ್ರು. ಅವರ ಪುಸ್ತಕ ಶುರುವಾಗೋದೇ ಆ ಗಂಜಿಯಿಂದ.

ಇನ್ನು ದುಡ್ಡು. ಗುಂಪಿನ ಒಬ್ಬ ಸರ್ ಹತ್ರ ಹಿಂದೆ ಒಬ್ರು ಪ್ರಕಾಶಕರು 40 ಸಾವಿರ ಇಸ್ಕೊಂಡು ನೂರು ಪ್ರತಿ ಕೈಗಿಟ್ಟು ಫೋನ್ ಎತ್ತೋದು ಬಿಟ್ಟಿದ್ರು. ನಾವು ತಿಂಗಳಿಗೆ ತಲೆಗೆ 500, ಸುಮಾರು ಒಂಬತ್ತು ಜನ. ಡೆಮಿ 1/8 (ಮಾಮೂಲಿ ಪುಸ್ತಕದ ಅಳತೆ), 120 ಪುಟದ ಆಸುಪಾಸು, 300 ಪ್ರತಿ, ಕವರ್ ಡಿಟಿಪಿ ಎಲ್ಲ ಸೇರಿ 30-35 ಸಾವಿರ ಬಿತ್ತು. ಬೆಲೆ 150 ಇಡ್ತೀವಿ, ಒಬ್ಬೊಬ್ರು 20 ಪ್ರತಿ ಮಾರ್ಲೇಬೇಕು, ರಿಯಾಯಿತಿ ಕಳೆದು ಇಪ್ಪತ್ತು ಸಾವಿರದ ಮೇಲೆ ವಾಪಸ್ ಚೀಟಿಗೇ ಬರುತ್ತೆ. ಚಿಕ್ಕ ವಯಸ್ಸಿನೋರದು ಮೊದಲ ಪುಸ್ತಕ ಆದ್ರೆ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನಕ್ಕೆ ಎಲ್ರೂ ಕೂತು ಅರ್ಜಿ ತುಂಬ್ತೀವಿ. ಯಾರ ಪುಸ್ತಕ ಮೊದಲು ಅಂತ ಜಗಳ ಇಲ್ದೆ ಹೇಗೆ ತೀರ್ಮಾನ ಮಾಡ್ತೀವಿ ಅನ್ನೋದು ಮಾತ್ರ ಇಲ್ಲಿ ಹೇಳಲ್ಲ, ಲಾಟರಿ ಎತ್ತೋದಂತೂ ಅಲ್ಲ.

ಬರವಣಿಗೆ ಒಬ್ಬಂಟಿ ಕೆಲಸ ಅಂತ ವಾದ ಮಾಡೋರಿಗೆ ನಾನು ಧಾರವಾಡ ತೋರಿಸ್ತೀನಿ. 1920ರ ದಶಕದಲ್ಲೇ ಬೇಂದ್ರೆ ಗೆಳೆಯರ ಗುಂಪು ಕಟ್ಟಿದ್ರು, ಗೋಕಾಕ್, ಮುಗಳಿ, ಶಂಬಾ ಜೋಶಿ ಎಲ್ಲ ಅಲ್ಲಿದ್ದೋರೇ. ಮೈಸೂರಿನ ಕಡೆ ನೋಡಿದ್ರೂ ಅಷ್ಟೇ, ಕುವೆಂಪು ರಾಮಾಯಣ ದರ್ಶನಂನ ಅರ್ಪಿಸಿರೋದು ತಮ್ಮ ಮೇಷ್ಟ್ರು ಟಿ.ಎಸ್. ವೆಂಕಣ್ಣಯ್ಯನವರಿಗೆ.

ಮಧ್ಯ ಒಂದು ಪ್ರಯೋಗ ಮಾಡಿದ್ವಿ, ಅಭಿಪ್ರಾಯ ಏನಿದ್ರೂ 50 ಪೈಸೆ ಪೋಸ್ಟ್ ಕಾರ್ಡಲ್ಲೇ ಬರೀಬೇಕು ಅಂತ. ಜಾಗ ಕಮ್ಮಿ ನೋಡಿ, ಉಪದೇಶ ನಿಂತೋಯ್ತು, 'ಮೂರನೇ ಪ್ಯಾರಾದ ಬಸ್ಸು ಬೇಡ, ತಂಗಿ ಇರಲಿ' ಅಂತ ನೇರ ವಿಷಯಕ್ಕೇ ಬರ್ತಾರೆ. ಪದ್ಯಕ್ಕಂತೂ ಇದೇ ವಾಸಿ, ಯಾಕಂದ್ರೆ ಗಟ್ಟಿಯಾಗಿ ಓದಿಸಿದ್ರೆ ದನಿ ಚೆನ್ನಾಗಿರೋರ ಬಾಯಲ್ಲಿ ಸಾಧಾರಣ ಪದ್ಯನೂ ಗೆದ್ದುಬಿಡುತ್ತೆ, ಹಂಗಾಗಿ ಸದ್ಯಕ್ಕೆ ಕವಿಗಳಿಗೆ ಕಾರ್ಡೇ.