ಒಂದೇ ಬಕೆಟ್, ಎರಡು ಬಾಟಲಿ: ದಕ್ಷಿಣ ಪಿನಾಕಿನಿಯ ಗಡಿಯಲ್ಲಿ ನನ್ನ ಅನುಭವ

ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆ ದಾಟಿ, ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿ ನೀರನ್ನೂ ಕೂಡಿಸಿಕೊಂಡು ಹೊಸೂರಿನ ಹತ್ತಿರ ತಮಿಳುನಾಡಿಗೆ ಇಳಿಯುತ್ತದೆ. ಮಳೆ ಬಂದು ಅಲ್ಲಿನ ಕೆಲವರಪಳ್ಳಿ ಅಣೆಕಟ್ಟಿನ ಗೇಟು ಎತ್ತಿದರೆ ರಾಶಿ ರಾಶಿ ನೊರೆ. ಮರುದಿನ ಪತ್ರಿಕೆಯಲ್ಲಿ ಫೋಟೊ, ಅದರ ಬೆನ್ನಿಗೇ ನಮಗೊಂದು ಪತ್ರ. ಎರಡೂ ರಾಜ್ಯದವರು ಸೇರಿ ಸ್ಯಾಂಪಲ್ ತೆಗೆಯುವ ಕೆಲಸಕ್ಕೆ ಕರ್ನಾಟಕದ ಕಡೆಯ ಕೆಮಿಸ್ಟ್ ಆಗಿ ನಾನು ಹೋಗುತ್ತಿದ್ದೆ.

ಮೊದಮೊದಲು ನಮ್ಮ ಬಿಓಡಿ (ನೀರಿನ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ಒಂದು, ಅವರದು ಇನ್ನೊಂದು. ಯಾರೂ ಸುಳ್ಳು ಬರೆದಿರಲಿಲ್ಲ. ನಾವು ಬೆಳಿಗ್ಗೆ ಹೋದರೆ ಅವರು ಮಧ್ಯಾಹ್ನ ಬರುತ್ತಿದ್ದರು. ಊರಿನ ಬಚ್ಚಲ ನೀರೋ ದಿನವಿಡೀ ಒಂದೇ ಸಮ ಹರಿಯುವಂಥದ್ದಲ್ಲ. ನಾವು ಸೇತುವೆ ಮೇಲಿಂದ ನಡು ಹೊಳೆಗೆ ಬಕೆಟ್ ಇಳಿಸುತ್ತಿದ್ದೆವು, ಅವರು ದಡದಲ್ಲಿ ನಿಂತು ಮೊಗೆಯುತ್ತಿದ್ದರು. ಹಾಗಾಗಿ ಒಂದೇ ಜಾಗ, ಒಂದೇ ಹೊತ್ತು, ಒಂದೇ ಬಕೆಟ್ ಎಂದು ಗೊತ್ತುಮಾಡಿಕೊಂಡೆವು. ಅದರಿಂದ ಎರಡು ಬಾಟಲಿ ತುಂಬಿ, ಚೀಟಿಗೆ ಇಬ್ಬರೂ ಸಹಿ ಹಾಕಿ, ಸೀಲ್ ಮಾಡಿ ಐಸ್ ಬಾಕ್ಸಿಗೆ.

ಕರಗಿದ ಆಮ್ಲಜನಕದ ಬಾಟಲಿಯದೇ ಬೇರೆ ನಾಜೂಕು. ಮೇಲಿಂದ ಸುರಿದರೆ ಗಾಳಿ ಬೆರೆತು, ಹೊಳೆಯಲ್ಲಿ ಇಲ್ಲದ ಆಮ್ಲಜನಕ ಬಾಟಲಿಯಲ್ಲಿ ಬಂದುಬಿಡುತ್ತದೆ. ಟ್ಯೂಬನ್ನು ತಳದವರೆಗೆ ಬಿಟ್ಟು, ನೀರು ತುಂಬಿ ಹೊರಚೆಲ್ಲುವ ತನಕ ಕಾಯಬೇಕು. ಆಮೇಲೆ ಮ್ಯಾಂಗನೀಸ್ ಸಲ್ಫೇಟ್, ಅದರ ಹಿಂದೆಯೇ ಕ್ಷಾರೀಯ ಅಯೋಡೈಡ್. ಆಮ್ಲಜನಕ ಇದ್ದರೆ ಕಂದು ಗಸಿ ಕೂರುತ್ತದೆ. ಅದು ಎಷ್ಟೆಂದು ಆಮೇಲೆ ಟೈಟ್ರೇಷನ್ ಮಾಡಿ, ಅಂದರೆ ಇನ್ನೊಂದು ದ್ರಾವಣವನ್ನು ಹನಿ ಹನಿಯಾಗಿ ಬಿಟ್ಟು ಅಳೆಯುತ್ತೇವೆ. ಗಡಿಗೆ ಮುಂಚೆ ನಮ್ಮ ಕಡೆ ಇರುವ ಮುಗಳೂರಿನಲ್ಲಿ ಒಮ್ಮೆ ಮಜ್ಜಿಗೆ ಕದಡಿದ ಹಾಗೆ ಬೆಳ್ಳಗೇ ಉಳಿಯಿತು. ಸ್ನಾನದ ನೀರಿಗೇ ಲೀಟರಿಗೆ 5 ಮಿಲಿಗ್ರಾಂ ಆಮ್ಲಜನಕ ಬೇಕು. ಹೊಸೂರಿನ ಕೆಮಿಸ್ಟ್ ಬಾಟಲಿಯನ್ನು ಬೆಳಕಿಗೆ ಹಿಡಿದು, "ಇದಕ್ಕೆ ಟೈಟ್ರೇಷನ್ ಯಾಕೆ ಸಾರ್, ಸೊನ್ನೆ ಅಂತ ಬರೀರಿ" ಅಂದರು. ಆ ಸೀಮೆಯ ಎಷ್ಟೋ ಜನರ ಹಾಗೆ ಅವರಿಗೂ ಕನ್ನಡ ಸಲೀಸು. ಸೊನ್ನೆ ಅಂತಲೇ ಬರೆದು ಇಬ್ಬರೂ ಸಹಿ ಹಾಕಿದೆವು.

ಬಿಓಡಿಗೆ ಎರಡೂ ಲ್ಯಾಬಿನದು ಒಂದೇ ಪದ್ಧತಿ: ಬಾಟಲಿಯನ್ನು 27 ಡಿಗ್ರಿಯಲ್ಲಿ 3 ದಿನ ಇಟ್ಟು, ಎಷ್ಟು ಆಮ್ಲಜನಕ ಖರ್ಚಾಯಿತೆಂದು ನೋಡುವುದು. ತಕರಾರು ಇದ್ದದ್ದು ನೀರು ಬೆರೆಸಿ ತೆಳು ಮಾಡುವ ಪ್ರಮಾಣದಲ್ಲಿ. ಕಡಿಮೆ ಬೆರೆಸಿದರೆ ಬಾಟಲಿಯ ಆಮ್ಲಜನಕವೆಲ್ಲ ಮೊದಲೇ ಮುಗಿದು ಲೆಕ್ಕವೇ ಕೆಡುತ್ತದೆ. ಪ್ರಮಾಣಗಳನ್ನು ಮುಂಚೆಯೇ ಫೋನಿನಲ್ಲಿ ಮಾತಾಡಿಕೊಂಡೆವು. ಜೊತೆಗೆ ಇಬ್ಬರೂ, ಬಿಓಡಿ ಎಷ್ಟು ಬರಬೇಕೆಂದು ಮೊದಲೇ ಗೊತ್ತಿರುವ ಗ್ಲೂಕೋಸ್–ಗ್ಲುಟಾಮಿಕ್ ಆಮ್ಲದ ದ್ರಾವಣವನ್ನೂ ಪರೀಕ್ಷೆಗೆ ಇಡುವುದು, ಅದು ಸರಿ ಬಾರದ ಲ್ಯಾಬಿನ ಆ ದಿನದ ಅಂಕಿ ಬಿಡುವುದು ಎಂದಾಯಿತು. ದಕ್ಷಿಣ ಪಿನಾಕಿನಿಯನ್ನೇ ಸೇರುವ ಮಾರ್ಕಂಡೇಯ ಹೊಳೆಯ ಯರಗೋಳ್ ಅಣೆಕಟ್ಟಿನ ವಿಚಾರಕ್ಕೆ ಇದೇ ಎರಡು ರಾಜ್ಯಗಳು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ್ದವು. ನಮ್ಮ ಫೋನು ಮಾತ್ರ ನಿಲ್ಲಲಿಲ್ಲ.

ನೊರೆ ಯಾಕೆ ಅನ್ನುವುದಕ್ಕೆ ಬಿಓಡಿಯಲ್ಲಿ ಉತ್ತರವಿಲ್ಲ. ಅದಕ್ಕಾಗಿ ಮಾರ್ಜಕದ ಅಂಶ ಅಳೆಯುವ ಮೆಥಿಲೀನ್ ಬ್ಲೂ ಪರೀಕ್ಷೆಯನ್ನೂ ಸೇರಿಸಿದೆವು. ಇನ್ನು ಗಡಿಯ ಒಂದೇ ಜಾಗದ ಅಂಕಿಯಿಂದ ಯಾರ ಕೊಳಕು ಎಷ್ಟು ಎಂದು ತಿಳಿಯದು, ಗಡಿಯ ಆಚೆಯೂ ಚರಂಡಿಗಳು ಬಂದು ಸೇರುತ್ತವಲ್ಲ. ಮುಗಳೂರು ಬೇಡವೆಂದು ನಮ್ಮವರು, ಅಣೆಕಟ್ಟಿನ ಒಳಹರಿವು ಬೇಡವೆಂದು ಅವರು. ಕೊನೆಗೆ ಪಟ್ಟಿಯಲ್ಲಿ ಮುಗಳೂರು, ಗಡಿಯ ಕೊಡಿಯಾಳಂ, ಕೆಲವರಪಳ್ಳಿ ಮೂರೂ ಉಳಿದವು.