ಮನೆಯಲ್ಲಿ ಮೊದಲ ಸಲ ಸಿಇಟಿ ಬರೆಯುತ್ತಿರುವುದು ನೀವೇನಾ? ಕಾಗದ ಈಗಲೇ ಜೋಡಿಸಿಕೊಳ್ಳಿ

ಇಂಜಿನಿಯರಿಂಗ್‌ನಂಥ ಕೋರ್ಸಿಗೆ ಸೇರಲು ರಾಜ್ಯದಲ್ಲಿ ಬರೆಯುವ ಪ್ರವೇಶ ಪರೀಕ್ಷೆಯೇ ಸಿಇಟಿ. ಅಪ್ಪ ಅಮ್ಮ ಓದಿಕೊಂಡಿರುವ ಮನೆಯಲ್ಲಿ ಅದು ಊಟದ ಹೊತ್ತಿನ ಮಾತು. ಯಾವ ಕಾಗದ ಬೇಕು, ಯಾರ ಸಹಿ ಬೇಕು, ಎಲ್ಲ ಚಿಕ್ಕಪ್ಪನಿಗೋ ಅತ್ತೆಗೋ ಗೊತ್ತಿರುತ್ತದೆ. ಕೂಲಿಗೆ ಹೋಗುವವರ ಮನೆಯಲ್ಲಿ ಇದನ್ನೆಲ್ಲ ಹೇಳುವವರು ಯಾರು? ಅಂಕ ಚೆನ್ನಾಗಿದ್ದರೂ ಸೀಟು ಕೈತಪ್ಪುವುದು ಎಷ್ಟೋ ಸಲ ಇಲ್ಲೇ.

ಮೊದಲು ವ್ಯಾಸಂಗ ಪ್ರಮಾಣಪತ್ರ, ಅಂದರೆ ಎಲ್ಲಿ ಎಷ್ಟು ವರ್ಷ ಓದಿದಿರಿ ಅಂತ ಶಾಲೆ ಬರೆದುಕೊಡುವ ಪತ್ರ. 1ರಿಂದ 10ನೇ ತರಗತಿವರೆಗೆ ಪೂರ್ತಿ 10 ವರ್ಷ ರಾಜ್ಯದ ಹಳ್ಳಿ ಶಾಲೆಯಲ್ಲೇ ಓದಿದ್ದರೆ ಗ್ರಾಮೀಣ ಕೋಟಾ ಇದೆ, ಶೇ. 15. ಅಷ್ಟೂ ವರ್ಷ ಕನ್ನಡ ಮಾಧ್ಯಮವಾದರೆ ಅದಕ್ಕೆ ಬೇರೆ ಶೇ. 5. ಎರಡಕ್ಕೂ ಅರ್ಹರಿದ್ದರೆ ಎರಡನ್ನೂ ಕೇಳಿ, ಸಂಕೋಚ ಬೇಡ. ನನ್ನ ಪತ್ರದಲ್ಲಿ ಹೆಡ್‌ಮೇಷ್ಟ್ರ ಸಹಿ ಇತ್ತು, ಸೀಲೂ ಇತ್ತು. ಕೆಳಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಹಾಕುವ ಜಾಗ ಮಾತ್ರ ಖಾಲಿ. ಅಪ್ಪ ಆ ದಿನದ ಕೂಲಿ ಬಿಟ್ಟು, ಬಟ್ಟೆ ಅಂಗಡಿ ಕವರ್‌ನಲ್ಲಿ ಕಾಗದಗಳನ್ನು ಹಿಡಿದುಕೊಂಡು ನನ್ನ ಜೊತೆ ಬಂದಿದ್ದರು. ದಾಖಲೆ ಪರಿಶೀಲಿಸುವ ಕೌಂಟರ್‌ನಲ್ಲಿ ಪತ್ರ ವಾಪಸ್ ಕೊಟ್ಟರು. ಕೋಟಾ ಹೋಯಿತು. ಅಪ್ಪ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ.

ಹಾಗಾಗಿ ಶಾಲೆ ಎರಡಾದರೆ ಪತ್ರವೂ ಎರಡು, ಎರಡಕ್ಕೂ ಬಿಇಒ ಸಹಿ ಹಾಕಿಸಿ. ಬೇಸಿಗೆ ರಜೆ ಶುರುವಾದರೆ ಮೇಷ್ಟ್ರು ಸಿಗುವುದು ಕಷ್ಟ, ಅದಕ್ಕೇ ಜನವರಿಯಲ್ಲೇ ಹೋಗಿ.

ಜಾತಿ-ಆದಾಯ ಪ್ರಮಾಣಪತ್ರ ಹೋಬಳಿಯ ನಾಡಕಚೇರಿಯಲ್ಲಿ ಸಿಗುತ್ತದೆ. ಕೈಗೆ ಬಂದ ತಕ್ಷಣ ನೋಡಬೇಕಾದ್ದು ಹೆಸರು. ಇನಿಷಿಯಲ್ ಸೇರಿದಂತೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹಾಗೇ ಇದೆಯಾ? ಇಲ್ಲದಿದ್ದರೆ ಅಲ್ಲೇ ಸರಿ ಮಾಡಿಸಿ. ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನೇ ಅರ್ಜಿಯಲ್ಲಿ ಹಾಕುವುದು, ಒಂದು ಅಂಕಿ ತಪ್ಪಿದರೂ ಓಡಾಟ ತಪ್ಪಿದ್ದಲ್ಲ.

ಇಂಜಿನಿಯರಿಂಗ್ ಬೇಕು, ಮನೆಯ ವರ್ಷದ ಆದಾಯ 8 ಲಕ್ಷದ ಒಳಗಿದೆ ಅಂದರೆ ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ, ಇರುವ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಕೊಡುವ ಸೀಟು) ಕೇಳಿ. ಆ ಸೀಟಿಗೆ ಬೋಧನಾ ಶುಲ್ಕ ಇರುವುದಿಲ್ಲ. ಇದು ಗೊತ್ತಿಲ್ಲದೆ ಸಾಲ ಮಾಡಿದ ಮನೆಗಳನ್ನು ನೋಡಿದ್ದೇನೆ, ತುಂಬಾ ಸಂಕಟ ಆಗುತ್ತದೆ.

ಸೈಬರ್‌ನಲ್ಲಿ ಅರ್ಜಿ ತುಂಬಿಸುವಾಗ ಪಕ್ಕದಲ್ಲೇ ಕೂತುಕೊಳ್ಳಿ, ಸಲ್ಲಿಸುವ ಮೊದಲು ಒಂದೊಂದು ಸಾಲನ್ನೂ ನೀವೇ ಓದಿ, ಹಿಂದೆ ಜನ ಕಾಯುತ್ತಿದ್ದಾರೆ ಅಂತ ಅವಸರ ಮಾಡಿದರೂ ಏಳಬೇಡಿ. ಫೋನ್ ನಂಬರ್ ನಿಮ್ಮ ಮನೆಯದ್ದೇ ಕೊಡಿ, ಅಂಗಡಿಯವರದ್ದು ಬೇಡ. ಒಟಿಪಿ ಬರುವುದು ಆ ನಂಬರಿಗೆ. ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸು ಆರಿಸಿ ತುಂಬುವ ದಿನ ಅಂಗಡಿ ಬಾಗಿಲು ಹಾಕಿದ್ದರೆ ಏನು ಮಾಡ್ತೀರಿ?