ಎಫ್-13 ಎಲ್ಲಿ ಹೋಯ್ತು? ಯುದ್ಧವಿಮಾನಗಳ ನಂಬರ್ ಪುಸ್ತಕ ಮಾಡುವುದು ಹೀಗೆ

ಎಂಟನೇ ಕ್ಲಾಸಿನ ನನ್ನ ಅಕ್ಕನ ಮಗನಿಗೆ ವಿಮಾನದ ಹುಚ್ಚು. ಕಳೆದ ರಜೆಯಲ್ಲಿ ಉಡುಪಿಗೆ ಬಂದವನು ರಥಬೀದಿಯಿಂದ 200 ಪುಟದ ಲಾಂಗ್ ಬುಕ್ ತಂದು ಅಮೆರಿಕದ ಯುದ್ಧವಿಮಾನಗಳ ಪಟ್ಟಿ ಬರೆಯಲು ಕೂತ. ಎಫ್-12 ಬರೆದ, ಅದರ ಕೆಳಗೇ ಎಫ್-14 ಬರೆದ. ಆಮೇಲೆ ಪೆನ್ ಕಚ್ಚಿಕೊಂಡು, "ಮಾವ, 13 ಎಲ್ಲಿ ಹೋಯ್ತು?" ಅಂದ.

ಒಳ್ಳೆಯ ಪ್ರಶ್ನೆ. ಉತ್ತರ ಸಿಕ್ಕಿದಾಗ ಅದನ್ನು ಬರೆಯಲು ಜಾಗವೇ ಇರಲಿಲ್ಲ. ಎರಡು ಸಾಲುಗಳ ನಡುವೆ ಇರುವೆ ಗಾತ್ರದ ಅಕ್ಷರದಲ್ಲಿ ತುರುಕಿದ. ಕೊನೆಗೆ ಇಡೀ ಪಟ್ಟಿಯನ್ನು ಮತ್ತೆ ಬರೆಯಬೇಕಾಯ್ತು. ನಿಮ್ಮ ಮನೆಯಲ್ಲೂ ಇಂಥ ಮಕ್ಕಳಿದ್ದರೆ ಮೊದಲೇ ಈ ಕ್ರಮ ಹಿಡಿಯಿರಿ.

ಹೆಜ್ಜೆ 1: ಖಾಲಿ ಸಾಲು ಬಿಡಿ

ಸ್ಕೇಲ್ ಇಟ್ಟು ನಾಲ್ಕು ಕಾಲಂ ಎಳೆಯಿರಿ: ನಂಬರ್, ಹೆಸರು, ಮೊದಲು ಹಾರಿದ ವರ್ಷ, ಟಿಪ್ಪಣಿ. ವಿಮಾನ ಇರಲಿ ಬಿಡಲಿ, ಎಲ್ಲ ನಂಬರನ್ನೂ ಮೊದಲೇ ಬರೆದಿಡಿ. ಟಿಪ್ಪಣಿಗೆ ಅರ್ಧ ಪುಟದಷ್ಟು ಅಗಲ ಬೇಕು. ಒಂದು ದೇಶಕ್ಕೆ ಒಂದು ಭಾಗ. ಜಪಾನಿನ ಎಫ್-2 ಬೇರೆ, ಅಮೆರಿಕದ ಎಫ್-2 ಬೇರೆ. ಎರಡನ್ನೂ ಬೆರೆಸಿದರೆ ಪುಸ್ತಕ ಕೆಟ್ಟಿತು.

ಹೆಜ್ಜೆ 2: ಅಕ್ಷರ ಓದಲು ಕಲಿಯಿರಿ

ಅಮೆರಿಕದ ಪದ್ಧತಿಯಲ್ಲಿ ಎಫ್ ಅಂದರೆ ಫೈಟರ್, ಬಿ ಅಂದರೆ ಬಾಂಬರ್, ಸಿ ಸಾಮಾನು ಸಾಗಿಸುವಂಥದ್ದು, ಪಿ ಸಮುದ್ರದ ಮೇಲೆ ಕಾವಲು ಕಾಯುವಂಥದ್ದು, ಎಕ್ಸ್ ಪ್ರಯೋಗದ್ದು. ನಂಬರಿನ ನಂತರ ಬರುವ ಅಕ್ಷರ ಮಾದರಿಯನ್ನು ಹೇಳುತ್ತದೆ. ಸಿಟಿ ಬಸ್ಸಿನ ನಂಬರ್ ಪಕ್ಕ ಎ, ಬಿ ಇರುತ್ತದಲ್ವಾ, ಹಾಗೆ. ನಮ್ಮ ವಾಯುಪಡೆಯ ಸಿ-130ಜೆಯಲ್ಲಿ ಜೆ ಅಂದರೆ ಅದೇ ವಿಮಾನದ ಹೊಸ ಮಾದರಿ. ನೌಕಾಪಡೆಯ ಪಿ-8ಐನಲ್ಲಿ ಐ ಅಂದರೆ ಇಂಡಿಯಾ.

ಹೆಜ್ಜೆ 3: 1962ಕ್ಕೆ ಕೆಂಪು ಗೆರೆ ಎಳೆಯಿರಿ

ಇದನ್ನು ಬಿಟ್ಟರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಅಲ್ಲಿಯವರೆಗೆ ಅಮೆರಿಕದ ವಾಯುಪಡೆಗೆ ಒಂದು ಪದ್ಧತಿ, ನೌಕಾಪಡೆಗೆ ಇನ್ನೊಂದು. ಒಂದೇ ವಿಮಾನಕ್ಕೆ ಎರಡು ಹೆಸರು. 1951ರ ಡಿಸೆಂಬರ್‌ನಲ್ಲಿ ನಮ್ಮ ಬಜಪೆ ವಿಮಾನ ನಿಲ್ದಾಣ ಶುರುವಾದಾಗ ನೆಹರೂ ಬಂದಿಳಿದದ್ದು ಡಿಸಿ-3ರಲ್ಲಿ. ಅದೇ ವಿಮಾನ ಅಮೆರಿಕದ ವಾಯುಪಡೆಯಲ್ಲಿ ಸಿ-47, ನೌಕಾಪಡೆಯಲ್ಲಿ ಆರ್4ಡಿ, ಬ್ರಿಟಿಷರಿಗೂ ನಮಗೂ ಡಕೋಟಾ. ಆರ್4ಡಿಯಲ್ಲಿ ಆರ್ ಅಂದರೆ ಸಾಗಣೆ, ಕೊನೆಯ ಡಿ ಅಂದರೆ ಡಗ್ಲಸ್ ಕಂಪನಿ. ನೌಕಾಪಡೆ ಕಂಪನಿಗೂ ಒಂದು ಅಕ್ಷರ ಕೊಡುತ್ತಿತ್ತು.

ಫ್ಯಾಂಟಮ್ ವಿಮಾನದ್ದೂ ಇದೇ ಕತೆ. ನೌಕಾಪಡೆ ಅದನ್ನು ಎಫ್4ಎಚ್ ಅಂದಿತು, ವಾಯುಪಡೆ ಎಫ್-110 ಅಂದಿತು. 1962ರ ಸೆಪ್ಟೆಂಬರ್‌ನಲ್ಲಿ ಎಲ್ಲರಿಗೂ ಒಂದೇ ಪದ್ಧತಿ ಬಂತು, ಫೈಟರ್‌ಗಳ ಎಣಿಕೆ ಮತ್ತೆ 1ರಿಂದ ಶುರುವಾಯ್ತು. ಫ್ಯಾಂಟಮ್ ಎಫ್-4 ಆಯ್ತು.

ಆದರೆ ಹಳೆಯ ನಂಬರ್ ಹೊತ್ತ ಕೆಲವು ವಿಮಾನಗಳು ಹಾಗೇ ಉಳಿದವು. ಅದಕ್ಕೇ ಸಣ್ಣ ನಂಬರ್ ಇದ್ದರೆ ಹಳೆಯ ವಿಮಾನ ಅಂದುಕೊಳ್ಳಬೇಡಿ. ನಮ್ಮ ವಾಯುಪಡೆಯಲ್ಲೇ ನೋಡಿ. ಸಿ-130 ಮೊದಲು ಹಾರಿದ್ದು 1954ರಲ್ಲಿ, ಸಿ-17 ಹಾರಿದ್ದು 1991ರಲ್ಲಿ.

ಹೆಜ್ಜೆ 4: ಒಂದೊಂದು ಖಾಲಿ ಸಾಲಿಗೂ ಕಾರಣ ಹುಡುಕಿ

ನನಗೆ ತುಂಬ ಇಷ್ಟದ ಹೆಜ್ಜೆ ಇದು. ಇಲ್ಲಿ ಅವಸರ ಬೇಡ.

13ನ್ನು ಅಪಶಕುನ ಅಂತ ಬಿಟ್ಟರು ಅನ್ನುವುದು ಸಾಮಾನ್ಯವಾಗಿ ಕೊಡುವ ಕಾರಣ. 19ರದ್ದು ಇನ್ನೂ ಸ್ವಾರಸ್ಯ. ನಾರ್ತ್‌ರಾಪ್ ಕಂಪನಿ ತನ್ನ ಹೊಸ ವಿಮಾನಕ್ಕೆ ಎಫ್-20 ಅನ್ನುವ ನಂಬರೇ ಬೇಕು ಅಂತ ಕೇಳಿ ಪಡೆಯಿತು. 18 ಆದ ಮೇಲೆ 20 ಬಂದದ್ದು ನೋಡಿ ಜನ, 19 ಗುಟ್ಟಾಗಿ ಹಾರುತ್ತಿರುವ ಸ್ಟೆಲ್ತ್ (ರೇಡಾರ್ ಕಣ್ಣಿಗೆ ಸುಲಭವಾಗಿ ಬೀಳದ) ವಿಮಾನವೇ ಇರಬೇಕು ಅಂದುಕೊಂಡರು. 1986ರಲ್ಲಿ ಒಂದು ಕಂಪನಿ ಊಹೆಯ ಮೇಲೆಯೇ ಎಫ್-19ರ ಪ್ಲಾಸ್ಟಿಕ್ ಮಾದರಿ ಮಾಡಿ ಮಾರಿತು, ಅದು ಭಾರಿ ಖರ್ಚಾಯ್ತು. ಗುಟ್ಟಿನ ವಿಮಾನ ಇದ್ದದ್ದು ನಿಜ. ಆದರೆ 1988ರ ನವೆಂಬರ್‌ನಲ್ಲಿ ಹೊರಗೆ ತೋರಿಸಿದಾಗ ಅದರ ನಂಬರ್ ಎಫ್-117! ಹಳೆಯ ಸರಣಿ 111ಕ್ಕೇ ನಿಂತಿತ್ತು, ಹೊಸ ಸರಣಿ 23 ಕೂಡ ದಾಟಿರಲಿಲ್ಲ. ಯಾವ ಸಾಲಿಗೂ ಸೇರದ ನಂಬರ್ ಅದು. ನಮ್ಮ ಹುಡುಗ ಇದಕ್ಕೇ ಒಂದು ಪುಟ ಬಿಟ್ಟಿದ್ದಾನೆ.

ಎಫ್-24 ಬರಬೇಕಾದಲ್ಲಿ ಎಫ್-35 ಬಂತು. ಪ್ರಯೋಗದ ಎಕ್ಸ್-35 ಹೊಸ ಫೈಟರ್ ಆರಿಸುವ ಸ್ಪರ್ಧೆ ಗೆದ್ದದ್ದು 2001ರ ಅಕ್ಟೋಬರ್‌ನಲ್ಲಿ. ಎಕ್ಸ್ ಸಾಲಿನ 35 ಹಾಗೇ ಎಫ್ ಸಾಲಿಗೆ ಬಂದುಬಿಟ್ಟಿತು. ಬಾಂಬರ್‌ಗಳಲ್ಲಿ ಬಿ-2 ಆದ ಮೇಲೆ ಸೀದಾ ಬಿ-21. ಇಲ್ಲಿ 21 ಅಂದರೆ 21ನೇ ಶತಮಾನ. ನನ್ನನ್ನು ಕೇಳಿದರೆ ಇಂಥವು ಸರಣಿಯನ್ನೇ ಹಾಳು ಮಾಡುತ್ತವೆ. ನಂಬರ್ ಇರುವುದು ಎಣಿಸಲಿಕ್ಕೆ ತಾನೆ?

ಎಫ್-21ರ ಸಾಲಿಗೆ ಎರಡು ಟಿಪ್ಪಣಿ ಬರೆಯಬೇಕು. 1980ರ ದಶಕದಲ್ಲಿ ಅಮೆರಿಕದ ನೌಕಾಪಡೆ ಇಸ್ರೇಲಿನಿಂದ ಬಾಡಿಗೆಗೆ ತಂದ ಕ್ಫಿರ್ ವಿಮಾನದ ನಂಬರ್ ಅದು. 2019ರ ಫೆಬ್ರವರಿಯಲ್ಲಿ ಬೆಂಗಳೂರಿನ ಏರೋ ಇಂಡಿಯಾದಲ್ಲಿ ಲಾಕ್‌ಹೀಡ್ ಮಾರ್ಟಿನ್ ಭಾರತಕ್ಕೆಂದು ತೋರಿಸಿದ, ಎಫ್-16ರಿಂದ ಬೆಳೆಸಿದ ವಿಮಾನಕ್ಕೂ ಅದೇ ಹೆಸರು.

ಹೆಜ್ಜೆ 5: ರಷ್ಯಾಕ್ಕೆ ಎರಡು ಪುಟ ಸಾಕು

ಮಿಗ್ 15, 17, 19, 21, 23, 25, 27, 29. ಫೈಟರ್‌ಗೆ ಬೆಸ ಸಂಖ್ಯೆ. ಹಾಗಾಗಿ ಮಧ್ಯದ ಖಾಲಿ ಸಾಲಿಗೆ ಕತೆ ಹುಡುಕಿ ದಣಿಯಬೇಡಿ. ಸುಖೋಯ್-30 ಈ ರೂಢಿಗೆ ಹೊಂದುವುದಿಲ್ಲ. ಅದು ಎರಡು ಸೀಟಿನ ಸುಖೋಯ್-27ರಿಂದ ಬೆಳೆದದ್ದು.

ಹೆಜ್ಜೆ 6: ಕೊನೆಯ ಭಾಗ ನಮ್ಮದು

ವಿಮಾನ ತಯಾರಿಸುವ ಬೆಂಗಳೂರಿನ ಎಚ್‌ಎಎಲ್ ಕಂಪನಿಯ ಪಟ್ಟಿಯನ್ನು ತಪ್ಪದೆ ಬರೆಯಿರಿ. ಎಚ್‌ಟಿ-2, ಎಚ್‌ಜೆಟಿ-16 ಕಿರಣ್, ಎಚ್‌ಎಫ್-24 ಮಾರುತ್, 26 ಪುಷ್ಪಕ್, 27 ಕೃಷಕ್, 31 ಬಸಂತ್, 32 ದೀಪಕ್, 36 ಸಿತಾರಾ (2025ರಿಂದ ಯಶಸ್), ಎಚ್‌ಟಿಟಿ-40. ಮಾರುತ್ 24ನೇ ಫೈಟರ್ ಅಲ್ಲ. ತರಬೇತಿ ವಿಮಾನ, ಫೈಟರ್, ಔಷಧಿ ಸಿಂಪಡಿಸುವ ಬಸಂತ್, ಎಲ್ಲಕ್ಕೂ ಒಂದೇ ಎಣಿಕೆ. ಹಾರಿದ ವರ್ಷದ ಪ್ರಕಾರವೂ ಇಲ್ಲ: 24 ಹಾರಿದ್ದು 1961ರಲ್ಲಿ, 16 ಹಾರಿದ್ದು 1964ರಲ್ಲಿ. ಮೇಲೆ ಬಿಟ್ಟುಹೋದ ಎಚ್‌ಟಿಟಿ-34 ಅಂದರೆ ದೀಪಕ್‌ಗೆ ಟರ್ಬೊಪ್ರಾಪ್ (ಟರ್ಬೈನ್‌ನಿಂದ ಪ್ರೊಪೆಲ್ಲರ್ ತಿರುಗಿಸುವ) ಎಂಜಿನ್ ಕೂರಿಸಿ ಮಾಡಿದ ವಿಮಾನ. ಹಾರಿತು, ಆದರೆ ವಾಯುಪಡೆಗೆ ಸೇರಲಿಲ್ಲ. ಅದನ್ನು ಹಾರಿಸಲು ಎಷ್ಟು ಜನ ಎಷ್ಟು ವರ್ಷ ದುಡಿದಿರಬೇಕು! ಅದರ ಹೆಸರನ್ನೂ ಉಳಿದವುಗಳಷ್ಟೇ ದೊಡ್ಡ ಅಕ್ಷರದಲ್ಲಿ ಬರೆಸಿ.

ಕಾರಣ ಖಾತ್ರಿಯಾದ ಮೇಲಷ್ಟೇ ಪೆನ್. ಅಲ್ಲಿಯವರೆಗೆ ಪೆನ್ಸಿಲ್. ನಮ್ಮ ಹುಡುಗನ ಎಚ್‌ಎಎಲ್ ಪುಟದಲ್ಲಿ 16ರಿಂದ 24ರವರೆಗೆ ಏಳು ಸಾಲು ಇನ್ನೂ ಖಾಲಿ ಇವೆ. ಮುಂದಿನ ರಜೆಗೆ ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂಗೆ ಕರೆದುಕೊಂಡು ಹೋಗುತ್ತೇನೆ ಅಂತ ಮಾತು ಕೊಟ್ಟಿದ್ದೇನೆ.